ಅಲ್ಪವಿರಾಮದ ಬೆಲೆ

ಒಂದೇ ಆಮಂತ್ರಣವನ್ನು ನೂರು ಅತಿಥಿಗಳಿಗೆ ಅವರವರ ಹೆಸರಿನಲ್ಲೇ ಕಳುಹಿಸಬೇಕೆಂದುಕೊಳ್ಳಿ. 1978ರಲ್ಲಿ ಬಂದ ವರ್ಡ್‌ಸ್ಟಾರ್ ತಂತ್ರಾಂಶದ ಜೊತೆಗಾರ 'ಮೇಲ್‌ಮರ್ಜ್' ಇದ್ದದ್ದೇ ಈ ಕೆಲಸಕ್ಕೆ.

ಅದಕ್ಕೆ ಎರಡು ಫೈಲುಗಳು ಬೇಕಿದ್ದವು: ಒಂದು ಪತ್ರ, ಇನ್ನೊಂದು ವಿಳಾಸಪಟ್ಟಿ. ಪತ್ರದ ಮೊದಲಿಗೆ ಎಡ ಅಂಚಿನಲ್ಲಿ ಚುಕ್ಕಿಯಿಟ್ಟ ಆಜ್ಞೆಗಳು. '.ಡಿಎಫ್' ಎಂದರೆ ಪಟ್ಟಿ ಯಾವುದೆಂದು ಹೇಳುವುದು, '.ಆರ್‌ವಿ' ಎಂದರೆ ಅದನ್ನು ಹೆಸರು, ಬೀದಿ, ಊರು, ಪಿನ್ ಎಂಬ ಕ್ರಮದಲ್ಲಿ ಓದಿಸುವುದು. ಪತ್ರದಲ್ಲಿ '&ಟೌನ್&' ಎಂದಿದ್ದಲ್ಲಿ ಊರಿನ ಹೆಸರು ಅಚ್ಚಾಗುತ್ತಿತ್ತು. ಕೊನೆಯ '.ಪಿಎ' ಮುಂದಿನ ಪತ್ರಕ್ಕೆ ಹೊಸ ಹಾಳೆ ಕೊಡುತ್ತಿತ್ತು.

ಆದರೆ ಊರು ಯಾವುದೆಂದು ಯಂತ್ರಕ್ಕೆ ತಿಳಿಯದು. ಅದು ಎಣಿಸುವುದು ಅಲ್ಪವಿರಾಮಗಳನ್ನು ಮಾತ್ರ. '4ನೇ ಅಡ್ಡರಸ್ತೆ, ಜಯನಗರ' ಎಂದು ನಾನೊಮ್ಮೆ ಹಾಗೆಯೇ ಬೆರಳಚ್ಚಿಸಿದ್ದೆ. ಊರಿನ ಜಾಗಕ್ಕೆ ಜಯನಗರ ಬಂತು, ಪಿನ್ ಜಾಗಕ್ಕೆ ಬೆಂಗಳೂರು! ಆ ಹಿರಿಯರಿಗೆ ಆಮಂತ್ರಣ ತಲುಪಿದ್ದು ಕಾರ್ಯಕ್ರಮ ಮುಗಿದ ಮೇಲೆ.

ಪರಿಹಾರ ಸುಲಭವಿತ್ತು: ಬೀದಿಯ ಭಾಗವನ್ನಿಡೀ ಜೋಡಿ ಉದ್ಧರಣ ಚಿಹ್ನೆಗಳ ನಡುವೆ ಇಟ್ಟರೆ ಒಳಗಿನ ಅಲ್ಪವಿರಾಮ ಲೆಕ್ಕಕ್ಕೆ ಬರುತ್ತಿರಲಿಲ್ಲ. ಕಾಗದದ ಬದಲು ಡಿಸ್ಕಿಗೇ ಮುದ್ರಿಸಿ, ಮೊದಲು ಪರದೆಯ ಮೇಲೆ ಓದಿಕೊಳ್ಳಲೂ ಅವಕಾಶವಿತ್ತು.

ಅಲ್ಪವಿರಾಮದಿಂದ ಬೇರ್ಪಡಿಸಿದ ಇಂದಿನ ಪಟ್ಟಿಗಳಿಗೂ ಅದೇ ನಿಯಮ. ನೂರು ಪತ್ರ ಮುದ್ರಿಸುವ ಮುನ್ನ ಅತಿ ಉದ್ದದ ವಿಳಾಸವಿರುವ ಒಂದನ್ನು ತೆಗೆದು ಓದಿ ನೋಡಿ.