ಹಾಡಿದವರ ಗುಣ, ಹಾಡಿನ ಗುಣ

ಮಲ್ಲಿಕಾರ್ಜುನ ಮನಸೂರರ ಹೆಸರು ಬಂದರೆ ಬೆನ್ನಿಗೇ ಅವರ ಸರಳತೆಯ ಮಾತೂ ಬರುತ್ತದೆ. ಬೀಡಿ ಸೇದುತ್ತ ಎಲ್ಲರೊಡನೆ ಮಾತಿಗೆ ಕೂರುತ್ತಿದ್ದ ಹಿರಿಯರು, ಮುರುಘಾಮಠದ ಭಕ್ತರು, ವಚನಗಳಿಗೆ ರಾಗದ ಮೈ ಕೊಟ್ಟವರು, ದೊಡ್ಡ ಪ್ರಶಸ್ತಿಗಳು ಬಂದ ಮೇಲೂ ಧಾರವಾಡದ ಮನೆ ಬಿಡದವರು. ಅವರ ಶರಣ ಜೀವನವೇ ಹಾಡಿನಲ್ಲಿ ಕೇಳಿಸುತ್ತದೆ ಎನ್ನುವ ರಸಿಕರು ನಮ್ಮಲ್ಲಿ ಬಹಳ. ಆದರೆ ಈ ಕಥೆಗಳನ್ನೆಲ್ಲ ಪಕ್ಕಕ್ಕಿಟ್ಟು ಅವರ ಶಿವಮತ ಭೈರವವನ್ನೋ ಬಹಾದುರಿ ತೋಡಿಯನ್ನೋ ಒಮ್ಮೆ ಕೇಳಿ ನೋಡಿ. ಪೀಠಿಕೆಗೆಂದು ಕಾಯಿಸುವುದಿಲ್ಲ, ಮೊದಲ ಆವರ್ತನದಲ್ಲೇ ರಾಗ ಕೈವಶವಾಗಿರುತ್ತದೆ. ಒಂದರ ಬಾಲಕ್ಕೆ ಇನ್ನೊಂದು ಹೆಣೆದುಕೊಂಡ ತಾನುಗಳು ಉಸಿರಿಗೆ ಬಿಡುವು ಕೊಡದೆ ಬಂದು ಸಮ್ಮಿನ ಮೇಲೆ ಬೀಳುತ್ತವೆ. ನನ್ನ ಕಿವಿಗೆ ಇದು ವಿನಯದ ಗಾಯನವಾಗಿ ಕೇಳುವುದಿಲ್ಲ. ರಾಗದ ಮೇಲೆ ಪೂರ್ತಿ ಹಕ್ಕು ಸ್ಥಾಪಿಸಿದ ದೊರೆಯ ಗಾಯನ ಅದು. ವಿನಯವನ್ನು ನಾವು ಕೇಳಿದ್ದು ಅವರ ಕುರಿತ ಕಥೆಗಳಲ್ಲಿ, ತಂದು ಸೇರಿಸಿದ್ದು ಅವರ ರಾಗಕ್ಕೆ.

ಇದರಿಂದ ಯಾರಿಗೂ ನಷ್ಟವಿಲ್ಲ, ನಿಜ. ಆದರೆ ಇದೇ ರಸಿಕರು ಇನ್ನೊಬ್ಬ ಸಂಗೀತಗಾರನ ದುರ್ನಡತೆಯ ಸುದ್ದಿ ಬಂದ ದಿನ ‘ಕಲೆ ಬೇರೆ, ಕಲಾವಿದ ಬೇರೆ’ ಎಂದುಬಿಡುತ್ತಾರೆ. ಸದ್ಗುಣವಿದ್ದರೆ ಹಾಡಿಗೆ ಕೂಡಿಸುತ್ತೇವೆ, ದೋಷ ಕಂಡರೆ ಹಾಡಿನಿಂದ ಕಳೆಯುತ್ತೇವೆ. ಸಂಗೀತಗಾರರ ವ್ಯಕ್ತಿತ್ವಕ್ಕೂ ಅವರ ಸಂಗೀತದ ಬೆಲೆಗೂ ಏನು ಸಂಬಂಧ ಎಂಬ ಪ್ರಶ್ನೆಯನ್ನು ನೇರವಾಗಿ ಎದುರಿಸಬೇಕಾದರೆ ಮೊದಲು ಈ ಅನುಕೂಲದ ಲೆಕ್ಕವನ್ನು ಬಿಡಬೇಕು.

ಮನಸೂರರದೇ ಜೈಪುರ–ಅತ್ರೌಲಿ ಘರಾಣೆಗೆ ಸೇರಿದ ಕಿಶೋರಿ ಅಮೋಣ್ಕರ್ ಈ ಪ್ರಶ್ನೆಗೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ. ಬೇರು ಒಂದೇ. ಮನಸೂರರು ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಬುರ್ಜಿ ಖಾನರಲ್ಲಿ ಕಲಿತರೆ, ಕಿಶೋರಿಯವರ ತಾಯಿ ಮೋಗುಬಾಯಿ ಕುರ್ಡೀಕರ್ ಅಲ್ಲಾದಿಯಾ ಖಾನರಲ್ಲೇ ಕಲಿತವರು. ಆದರೆ ಕಿಶೋರಿಯವರ ಹೆಸರಿನೊಂದಿಗೆ ಓಡಾಡುವ ಕಥೆಗಳೇ ಬೇರೆ. ತಂಬೂರಿ ಶ್ರುತಿಗೆ ಕೂಡುವವರೆಗೆ ವೇದಿಕೆಗೆ ಬರುತ್ತಿರಲಿಲ್ಲ, ಸಭೆಯಲ್ಲಿ ಗುಸುಗುಸು ಕೇಳಿಸಿದರೆ ಹಾಡು ನಿಲ್ಲಿಸುತ್ತಿದ್ದರು, ಸಂಘಟಕರನ್ನು ಗದರುತ್ತಿದ್ದರು, ಪತ್ರಕರ್ತರನ್ನು ದೂರ ಇಡುತ್ತಿದ್ದರು. ಅಹಂಕಾರಿ, ಸಿಡುಕಿ, ಲಹರಿ ಬಂದರಷ್ಟೇ ಹಾಡುವವರು ಎಂಬ ಮಾತುಗಳು 2017ರಲ್ಲಿ ಅವರು ತೀರಿಕೊಂಡಾಗಿನ ಶ್ರದ್ಧಾಂಜಲಿ ಬರಹಗಳಲ್ಲೂ ಇಣುಕಿದವು.

ಈ ಸಿಡುಕಿಗೆ ಒಂದು ಚರಿತ್ರೆ ಇದೆ. ಗೋವಾದ ಕುರ್ಡಿ ಗ್ರಾಮದಿಂದ ಬಂದ ಮೋಗುಬಾಯಿ ತಮ್ಮ ಕಾಲದ ಅತಿ ದೊಡ್ಡ ಗಾಯಕಿಯರಲ್ಲಿ ಒಬ್ಬರು. ಮಗಳು ತಂಬೂರಿ ಹಿಡಿದು ಅಮ್ಮನ ಹಿಂದೆ ಕೂರುತ್ತಿದ್ದಳು. ಸಂಘಟಕರು ಅಮ್ಮನನ್ನು ನಡೆಸಿಕೊಂಡ ರೀತಿ, ಕೊಟ್ಟ ಸಂಭಾವನೆ, ಉಳಿಸಿದ ಜಾಗ, ಗಂಡು ಗಾಯಕರಿಗೆ ಸಿಗುತ್ತಿದ್ದ ಮರ್ಯಾದೆ ಆಕೆಗೆ ಸಿಗದೆ ಹೋದದ್ದು, ಇದೆಲ್ಲವನ್ನೂ ಕಿಶೋರಿ ಮುಂದೆ ಸಂದರ್ಶನಗಳಲ್ಲಿ ನೋವಿನಿಂದ ನೆನೆದಿದ್ದಾರೆ. ಅಮ್ಮ ಸಹಿಸಿದ್ದನ್ನು ತಾನು ಸಹಿಸುವುದಿಲ್ಲ ಎಂದು ಆಗಲೇ ತೀರ್ಮಾನಿಸಿದ್ದರು. ಜನ ಕಂಡದ್ದು ಸಿಟ್ಟನ್ನು ಮಾತ್ರ. ನಮ್ಮ ಗಂಗೂಬಾಯಿ ಹಾನಗಲ್ಲರು ಇದೇ ಸಂಗತಿಯನ್ನು ಇನ್ನೊಂದು ದಿಕ್ಕಿನಿಂದ ಹೇಳಿದ್ದರು: ಹಾಡುವ ಗಂಡಸು ಮುಸಲ್ಮಾನನಾದರೆ ಉಸ್ತಾದ, ಹಿಂದುವಾದರೆ ಪಂಡಿತ, ಹೆಂಗಸು ಎಷ್ಟು ಹಾಡಿದರೂ ಬಾಯಿಯಾಗಿಯೇ ಉಳಿಯುತ್ತಾಳೆ. ಆ ಮಾತಿಗೆ ಅವರು ಕೊಟ್ಟ ಉದಾಹರಣೆಗಳಲ್ಲಿ ಮೋಗುಬಾಯಿಯವರ ಹೆಸರೂ ಇತ್ತು.

ಉಸ್ತಾದರು ತಬಲಜಿಯನ್ನು ವೇದಿಕೆಯಲ್ಲೇ ಬೈದದ್ದು, ಪಂಡಿತರು ರಾಜನ ಕರೆಗೆ ಬೆನ್ನು ತಿರುಗಿಸಿದ್ದು, ಇಂಥ ಪ್ರಸಂಗಗಳನ್ನು ನಮ್ಮ ಸಂಗೀತಲೋಕ ಪ್ರೀತಿಯಿಂದ ಹೇಳಿಕೊಂಡು ಬಂದಿದೆ. ಅವು ಅವರ ದೊಡ್ಡಸ್ತಿಕೆಗೆ ಸಾಕ್ಷಿ. ಅದೇ ಸ್ವಭಾವ ಹೆಣ್ಣಿನಲ್ಲಿ ಕಂಡರೆ ಅದು ಹಾಡಿನ ಮೇಲೂ ಕಪ್ಪು ಚುಕ್ಕೆಯಾಗುತ್ತದೆ. ವ್ಯಕ್ತಿತ್ವದ ಮೂಲಕ ಸಂಗೀತ ಅಳೆಯುವುದನ್ನು ನಾನು ಅನುಮಾನದಿಂದ ನೋಡುವುದಕ್ಕೆ ಇದು ದೊಡ್ಡ ಕಾರಣ. ಆ ಅಳತೆಗೋಲು ಎಲ್ಲರಿಗೂ ಒಂದೇ ಉದ್ದ ಇರುವುದಿಲ್ಲ. ಯಾರ ಕೋಪ ಗಾಂಭೀರ್ಯ, ಯಾರ ಕೋಪ ದುರಹಂಕಾರ ಎಂಬುದನ್ನು ಲಿಂಗ, ಜಾತಿ, ಹಣ, ಊರು ಮೊದಲೇ ತೀರ್ಮಾನಿಸಿರುತ್ತವೆ.

ಹಾಗೆಂದು ವ್ಯಕ್ತಿತ್ವಕ್ಕೂ ಸಂಗೀತಕ್ಕೂ ಸಂಬಂಧವೇ ಇಲ್ಲ ಎನ್ನಲಾರೆ. ಸಂಘಟಕರ ಮಾತಿಗೆ ಬಗ್ಗದ ಕಿಶೋರಿ ಘರಾಣೆಯ ಕಟ್ಟಳೆಗೂ ಬಗ್ಗಲಿಲ್ಲ. ಜೈಪುರದ ಗಾಯಕಿ ಎಂದರೆ ಮಧ್ಯ ಲಯದ ಬಿಗಿ ನಡಿಗೆ, ಸುತ್ತಿ ಸುತ್ತಿ ಹೆಣೆದ ತಾನು, ಅಪರೂಪದ ಜೋಡುರಾಗಗಳು. ಅವರು ಆ ನಡಿಗೆಯನ್ನು ನಿಧಾನಗೊಳಿಸಿದರು, ಒಂದೊಂದು ಸ್ವರದ ಬಳಿ ನಿಂತು ಅದರ ಭಾವ ತಡಕಿದರು, ಆಲಾಪಕ್ಕೆ ಜಾಗ ಮಾಡಿದರು. ಸಂಪ್ರದಾಯಸ್ಥರು ತಕರಾರು ತೆಗೆದರು, ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ‘ಸಹೇಲಾ ರೇ’ ಎಂದು ಶುರುವಾಗುವ ಅವರ ಭೂಪ ಕೇಳಿದವರಿಗೆ ಐದೇ ಸ್ವರಗಳ ರಾಗ ಎಷ್ಟು ಆಳ ಇಳಿಯಬಲ್ಲದು ಎಂದು ಹೇಳಿಕೊಡಬೇಕಾಗಿಲ್ಲ. ಸಭೆಯಲ್ಲಿ ಹಾಡು ನಿಲ್ಲಿಸಿದ ಹಟ ಮತ್ತು ಆ ಭೂಪವನ್ನು ಹಾಗೆ ಹಾಡುವ ಧೈರ್ಯ ಒಂದೇ ಮೂಲದಿಂದ ಬಂದವು ಎಂದು ನಂಬುತ್ತೇನೆ. ಕಲಾವಿದೆಯ ಬದುಕು ತಿಳಿದಿದ್ದರೆ ಹಾಡು ಇನ್ನಷ್ಟು ಅರ್ಥವಾಗಬಹುದು. ಆದರೆ ಆ ಭೂಪ ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ಹೇಳಬೇಕಾದದ್ದು ಅದರ ಗಾಂಧಾರ, ಅದರ ಧೈವತ.

ಸ್ವಭಾವದ ಮಾತು ಇಷ್ಟಕ್ಕೆ ಸಾಕು. ಕಲಾವಿದನಿಂದ ಇನ್ನೊಬ್ಬರಿಗೆ ನೋವಾದಾಗ ಪ್ರಶ್ನೆ ಕಠಿಣವಾಗುತ್ತದೆ.

ಹನ್ನೊಂದರ ಎಳೆವಯಸ್ಸಿನಲ್ಲಿ ಗುರುವನ್ನು ಹುಡುಕಿ ಗದುಗಿನ ಮನೆ ಬಿಟ್ಟು ಓಡಿದ ಭೀಮಸೇನ ಜೋಶಿಯವರ ಕಥೆ ಕನ್ನಡಿಗರಿಗೆಲ್ಲ ಗೊತ್ತು. ಅವರ ಮೊದಲ ಪತ್ನಿಯ ಮಗ ರಾಘವೇಂದ್ರ ಜೋಶಿ ಮರಾಠಿಯಲ್ಲಿ ಬರೆದ ನೆನಪುಗಳ ಪುಸ್ತಕ ಅಷ್ಟು ಜನರಿಗೆ ಗೊತ್ತಿಲ್ಲ. ತಂದೆ ಎರಡನೆಯ ಸಂಸಾರ ಕಟ್ಟಿಕೊಂಡ ಮೇಲೆ ಮೊದಲ ಸಂಸಾರಕ್ಕೆ ಬಂದ ಕಷ್ಟ, ತಾಯಿಯ ಮೌನ, ಮಕ್ಕಳಿಗೆ ಕೈಗೆಟುಕದೆ ಹೋದ ಅಪ್ಪ ಅದರಲ್ಲಿದ್ದಾರೆ. ತಂದೆಯ ಗಾಯನದ ಮೇಲಿನ ಅಪಾರ ಪ್ರೀತಿಯೂ ಅದೇ ಪುಟಗಳಲ್ಲಿದೆ. ಜೋಶಿಯವರನ್ನು ಎಲ್ಲರಿಗಿಂತ ಮೊದಲು ತೀರ್ಪಿಗೆ ಒಳಪಡಿಸುವ ಹಕ್ಕಿದ್ದ ವ್ಯಕ್ತಿ ನೋವನ್ನು ಮುಚ್ಚಿಡಲೂ ಇಲ್ಲ, ದನಿಯನ್ನು ಅಲ್ಲಗಳೆಯಲೂ ಇಲ್ಲ. ಕೇಳುಗರಾದ ನಮಗೆ ಇದಕ್ಕಿಂತ ಒಳ್ಳೆಯ ಮೇಲ್ಪಂಕ್ತಿ ಬೇಕಿಲ್ಲ. ದನಿ ದೊಡ್ಡದು ಎಂದು ಆ ತಾಯಿಯ ಕಷ್ಟವನ್ನು ಚಿಕ್ಕದು ಮಾಡುವುದು ತಪ್ಪು. ಕಷ್ಟ ನಿಜ ಎಂದು ಆ ದನಿಯನ್ನು ಚಿಕ್ಕದು ಮಾಡುವುದೂ ಸುಳ್ಳಾಗುತ್ತದೆ.

ಒಂದು ಮನೆಯ ನೋವು ಹೀಗಾದರೆ ಒಂದು ಜನಾಂಗದ ನೋವು? ಜರ್ಮನಿಯ ರಿಚರ್ಡ್ ವ್ಯಾಗ್ನರ್ 1850ರಲ್ಲಿ ಸಂಗೀತದಲ್ಲಿ ಯಹೂದಿಗಳ ವಿಷಯವಾಗಿ ವಿಷ ತುಂಬಿದ ಲೇಖನವೊಂದನ್ನು ಸುಳ್ಳು ಹೆಸರಿನಲ್ಲಿ ಪ್ರಕಟಿಸಿದ. 1869ರಲ್ಲಿ ಅದನ್ನೇ ತನ್ನ ಹೆಸರು ಹಾಕಿ ಮತ್ತೆ ಅಚ್ಚು ಹಾಕಿಸಿದ. ಅದೇ ಮನುಷ್ಯನ ‘ಟ್ರಿಸ್ಟಾನ್’ ಒಪೆರಾದ ಆರಂಭದ ಸ್ವರಮೇಳ ಪಾಶ್ಚಾತ್ಯ ಸಂಗೀತದ ದಿಕ್ಕನ್ನೇ ಬದಲಿಸಿತು. 1882ರಲ್ಲಿ ಆತನ ಕೊನೆಯ ಒಪೆರಾ ‘ಪಾರ್ಸಿಫಾಲ್’ ಮೊದಲ ಬಾರಿ ಬೈರಾಯ್ಟ್‌ನಲ್ಲಿ ನಡೆದಾಗ ವಾದ್ಯವೃಂದ ನಡೆಸಿದವನು ಹರ್ಮನ್ ಲೆವಿ, ಒಬ್ಬ ಯಹೂದಿ ಧರ್ಮಗುರುವಿನ ಮಗ. ಯಹೂದಿ ರಾಷ್ಟ್ರದ ಕನಸು ಕಂಡ ಥಿಯೋಡರ್ ಹರ್ಜಲ್ 1895ರಲ್ಲಿ ಪ್ಯಾರಿಸಿನಲ್ಲಿ ಕೂತು ಆ ಕುರಿತ ಪುಸ್ತಕ ಬರೆಯುವಾಗ ಸಂಜೆಯ ಹೊತ್ತು ವ್ಯಾಗ್ನರನ ಸಂಗೀತ ಕೇಳಲು ಹೋಗುತ್ತಿದ್ದರು. ವ್ಯಾಗ್ನರ್ ಸತ್ತು ಆರು ವರ್ಷಕ್ಕೆ ಹುಟ್ಟಿದ ಹಿಟ್ಲರ್ ಅವನನ್ನು ಆರಾಧ್ಯ ದೈವ ಮಾಡಿಕೊಂಡ.

1938ರ ನವೆಂಬರಿನಲ್ಲಿ ಜರ್ಮನಿಯ ತುಂಬ ಯಹೂದಿಗಳ ಅಂಗಡಿ, ಪ್ರಾರ್ಥನಾ ಮಂದಿರಗಳನ್ನು ಧ್ವಂಸ ಮಾಡಿದ ಸುದ್ದಿ ಬಂದೊಡನೆ ಪ್ಯಾಲೆಸ್ಟೀನಿನ ವಾದ್ಯವೃಂದ ತನ್ನ ಕಾರ್ಯಕ್ರಮದಿಂದ ವ್ಯಾಗ್ನರನ ಕೃತಿಯನ್ನು ಕೈಬಿಟ್ಟಿತು. ಮುಂದೆ ಅದೇ ಇಸ್ರೇಲಿನ ರೂಢಿಯಾಯಿತು. ಕಾನೂನಿನ ನಿಷೇಧವಿಲ್ಲ, ನಾಜಿಗಳು ನಡೆಸಿದ ಯಹೂದಿಗಳ ನರಮೇಧದಿಂದ ಬದುಕಿ ಉಳಿದವರ ಮೇಲಿನ ಮರ್ಯಾದೆ. ನಮ್ಮ ಮುಂಬಯಿಯ ಜುಬಿನ್ ಮೆಹ್ತಾ 1981ರಲ್ಲಿ ಟೆಲ್ ಅವೀವ್‌ನಲ್ಲಿ, ಬೇಡದವರು ಎದ್ದು ಹೋಗಬಹುದು ಎಂದು ಹೇಳಿ ‘ಟ್ರಿಸ್ಟಾನ್’ನ ಕೊನೆಯ ಭಾಗ ನುಡಿಸಲು ಹೊರಟರು. ಸಭಾಂಗಣದ ಸಿಬ್ಬಂದಿಯೊಬ್ಬರು ಅಂಗಿ ಬಿಚ್ಚಿ ಮೈಮೇಲಿನ ಗಾಯದ ಗುರುತು ತೋರಿಸಿ ಪ್ರತಿಭಟಿಸಿದರು. 2001ರ ಜುಲೈನಲ್ಲಿ ಜೆರುಸಲೇಮ್‌ನಲ್ಲಿ ಡೇನಿಯಲ್ ಬ್ಯಾರೆನ್‌ಬಾಯ್ಮ್ ನಿಗದಿಯಾದ ಕಾರ್ಯಕ್ರಮ ಮುಗಿಸಿ ಸಭಿಕರ ಕಡೆ ತಿರುಗಿದರು. ವ್ಯಾಗ್ನರ್ ನುಡಿಸಲೇ ಎಂದು ಕೇಳಿ ಅರ್ಧ ಗಂಟೆಯಷ್ಟು ಚರ್ಚೆಗೆ ಬಿಟ್ಟರು. ಕೆಲವರು ಕೂಗಾಡಿ ಬಾಗಿಲು ಬಡಿದು ಹೊರನಡೆದರು, ಹೆಚ್ಚಿನವರು ಉಳಿದು ಕೇಳಿದರು. ಅದರ ಹಿಂದಿನ ವರ್ಷ ರಿಶೋನ್ ಲೆಜಿಯೋನ್ ಊರಿನ ವಾದ್ಯವೃಂದ ವ್ಯಾಗ್ನರನ ಕೃತಿ ನುಡಿಸಿದಾಗ ಅದನ್ನು ನಡೆಸಿದ ಮೆಂಡಿ ರೋಡಾನ್ ಸ್ವತಃ ಆ ನರಮೇಧದಿಂದ ಪಾರಾಗಿ ಬಂದವರು.

ಅಂಗಿ ಬಿಚ್ಚಿ ನಿಂತವರು ಆ ಸಂಗೀತ ಕೆಟ್ಟದ್ದು ಎನ್ನಲಿಲ್ಲ. ನಮ್ಮೆದುರು ನುಡಿಸಬೇಡಿ ಎಂದರು, ಅಷ್ಟೇ. ಈ ಎರಡು ಮಾತುಗಳ ನಡುವಿನ ಅಂತರವನ್ನು ನಾವು ಮತ್ತೆ ಮತ್ತೆ ಮರೆಯುತ್ತೇವೆ. ಯಾವ ಸ್ವರ ಎಷ್ಟು ಚೆಂದ ಎಂಬುದನ್ನು ಕಿವಿ ಹೇಳಲಿ. ಅದನ್ನು ಎಲ್ಲಿ, ಯಾರೆದುರು, ಯಾರ ಖರ್ಚಿನಲ್ಲಿ, ಯಾವ ಹಾರ ಹಾಕಿ ಕೇಳಿಸಬೇಕು ಎಂಬುದು ಸಂಗೀತದ ಪ್ರಶ್ನೆಯಲ್ಲ, ಊರಿನ ಪ್ರಶ್ನೆ. ಅಲ್ಲಿ ಕಲಾವಿದನ ನಡತೆ ಲೆಕ್ಕಕ್ಕೆ ಬರಲೇಬೇಕು.

ನಮ್ಮ ಸಂಗೀತದಲ್ಲಿ ಇದು ಇನ್ನೂ ತುರ್ತಿನ ಸಂಗತಿ. ವ್ಯಾಗ್ನರ್ ಎಂದೋ ಸತ್ತವನು, ಆತನಿಂದ ಇನ್ನು ಯಾರಿಗೂ ಹೊಸದಾಗಿ ಕೆಡುಕಾಗದು. ನಮ್ಮ ಗಾಯಕನೋ ವೇದಿಕೆ ಇಳಿದು ಮನೆಗೆ ಹೋದರೆ ಅಲ್ಲಿ ಹದಿನಾಲ್ಕು ವರ್ಷದ ಶಿಷ್ಯೆ ತಂಬೂರಿ ಹಿಡಿದು ಕಾಯುತ್ತಿರುತ್ತಾಳೆ. ಕಾಲಿಗೆ ಬಿದ್ದು ಕಲಿಯುವ ವಿದ್ಯೆ ಇದು. ಬಾಗಿಲು ಮುಚ್ಚಿದ ಕೋಣೆ, ವರ್ಷಗಟ್ಟಲೆಯ ಅವಲಂಬನೆ, ಗುರು ಮುನಿದರೆ ಮುಂದೆ ಯಾವ ಸಭೆಯೂ ಕರೆಯದು ಎಂಬ ಭಯ. 2018ರ ಅಕ್ಟೋಬರಿನಲ್ಲಿ ಕರ್ನಾಟಕ ಸಂಗೀತದ ಹಲವು ಹೆಸರಾಂತ ಕಲಾವಿದರ ಮೇಲೆ ಲೈಂಗಿಕ ಕಿರುಕುಳದ ಆರೋಪಗಳು ಹೊರಬಂದಾಗ ಚೆನ್ನೈನ ಮ್ಯೂಸಿಕ್ ಅಕಾಡೆಮಿ ಆ ವರ್ಷದ ಡಿಸೆಂಬರ್ ಉತ್ಸವದಿಂದ ಏಳು ಮಂದಿಯನ್ನು ಕೈಬಿಟ್ಟಿತು. ಆಗಲೂ ಹಳೆಯ ಮಾತು ಕೇಳಿಬಂತು: ಅವರ ವಿದ್ವತ್ತು ನೋಡಿ, ಬೇರೆಯದು ಏಕೆ? ವಿದ್ವತ್ತಿನ ಬಗ್ಗೆ ಯಾರ ತಕರಾರೂ ಇರಲಿಲ್ಲ. ಆ ವಿದ್ವತ್ತೇ ಕೋಣೆಯ ಬಾಗಿಲು ಮುಚ್ಚುವ ಅಧಿಕಾರ ಕೊಟ್ಟಿದ್ದು ಎಂಬುದು ದೂರಿನ ತಿರುಳು. ಆರೋಪ ಸಾಬೀತಾಗುವವರೆಗೆ ಯಾರೂ ಅಪರಾಧಿಯಲ್ಲ, ಒಪ್ಪುತ್ತೇನೆ. ಆದರೆ ವಿಚಾರಣೆಯೇ ಬೇಡ ಎನ್ನಲು ಒಂದು ಒಳ್ಳೆಯ ತೋಡಿ ಕಾರಣವಾಗಲಾರದು.

ಇದರ ಜೊತೆಗೆ ಕಲಸಿಬಿಡುವ ಇನ್ನೊಂದು ಜಗಳವನ್ನು ಬೇರೆ ಮಾಡಿ ನೋಡಬೇಕು. 2024ರ ಮಾರ್ಚಿನಲ್ಲಿ ಅದೇ ಅಕಾಡೆಮಿ ಗಾಯಕ ಟಿ.ಎಂ. ಕೃಷ್ಣ ಅವರಿಗೆ ಸಂಗೀತ ಕಲಾನಿಧಿ ಪ್ರಶಸ್ತಿ ಘೋಷಿಸಿದಾಗ, ಪೆರಿಯಾರರನ್ನು ಅವರು ಹೊಗಳಿದ್ದನ್ನು ಮುಂದಿಟ್ಟು ರಂಜನಿ–ಗಾಯತ್ರಿ ಸೋದರಿಯರು ಆ ವರ್ಷದ ಸಮ್ಮೇಳನದಿಂದ ಹಿಂದೆ ಸರಿದರು, ಇನ್ನೂ ಕೆಲವರು ಜೊತೆಗೂಡಿದರು. ಅದರೊಂದಿಗೆ ಅವರಿಗೆ ಸಿಗಲಿದ್ದ ಎಂ.ಎಸ್. ಸುಬ್ಬುಲಕ್ಷ್ಮಿ ಹೆಸರಿನ ಪ್ರಶಸ್ತಿಯ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆ ತಿಂಗಳುಗಳಲ್ಲಿ ನಾನು ಓದಿದ ಪರ–ವಿರೋಧದ ಬರಹಗಳಲ್ಲಿ ಅವರ ಬೇಗಡೆ ಹೇಗೆ, ನೆರವಲ್ ಹೇಗೆ ಎಂಬ ಮಾತು ಹುಡುಕಿದರೂ ಸಿಗುವುದು ಕಷ್ಟವಾಗಿತ್ತು. ಸಂಗೀತದ ಪ್ರಶಸ್ತಿಯ ಚರ್ಚೆಯಲ್ಲಿ ಸಂಗೀತವೇ ಇಲ್ಲದಿರುವುದು ನಾಚಿಕೆಯ ಸಂಗತಿ. ಒಬ್ಬರ ಅಭಿಪ್ರಾಯ ನಮಗೆ ಸರಿಬರದೆ ಇರುವುದು ಬೇರೆ, ಒಬ್ಬರು ಇನ್ನೊಬ್ಬರ ಮೇಲೆ ಕೈಮಾಡುವುದು ಬೇರೆ. ಅಭಿಪ್ರಾಯಕ್ಕೆ ಉತ್ತರ ಅಭಿಪ್ರಾಯವೇ ಆಗಬೇಕು.

ಕಿಶೋರಿಯವರ ಸಿಡುಕಿನಿಂದ ಯಾರ ಬದುಕೂ ಹಾಳಾಗಲಿಲ್ಲ, ಅದನ್ನು ಅವರ ಪಾಡಿಗೆ ಬಿಡೋಣ. ಶಿಷ್ಯರ ಮೈ ಮುಟ್ಟುವ ಗುರುವನ್ನು ಬಿಡುವಂತಿಲ್ಲ. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯಲು 2013ರ ಕಾನೂನಿದೆ. ಹತ್ತು ಜನರಿಗಿಂತ ಕಡಿಮೆ ಇರುವ ಕಡೆಯ ದೂರು ಕೇಳಲು ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರಬೇಕೆಂದು ಅದೇ ಹೇಳುತ್ತದೆ. ಮಕ್ಕಳಿಗಾಗಿ 2012ರ ಪೋಕ್ಸೋ ಇದೆ. ಬೆಂಗಳೂರು, ಮೈಸೂರು, ಧಾರವಾಡ, ಹುಬ್ಬಳ್ಳಿಯ ಸಂಗೀತ ಸಭೆಗಳು ಕಲಾವಿದರನ್ನು ಆಹ್ವಾನಿಸುವ ಪತ್ರದಲ್ಲೇ ದೂರು ಬಂದರೆ ಏನು ಮಾಡುತ್ತೇವೆ ಎಂದು ಬರೆಯಲಿ, ದೂರು ಕೊಡಬೇಕಾದ ಜಾಗವನ್ನು ಉತ್ಸವದ ಕರಪತ್ರದಲ್ಲಿ ಅಚ್ಚು ಮಾಡಲಿ. ಮಕ್ಕಳನ್ನು ಪಾಠಕ್ಕೆ ಕಳಿಸುವ ತಂದೆತಾಯಿ ಗುರುವಿನ ಹೆಸರಿನ ಹಿಂದಿರುವ ಬಿರುದನ್ನು ನೋಡುವ ಮೊದಲು, ಪಾಠ ನಡೆಯುವ ಕೋಣೆಯ ಬಾಗಿಲು ತೆರೆದಿರುತ್ತದೆಯೇ ಎಂದು ನೋಡಿ ಬರಲಿ.