ಅರ್ಥ್ ರಾಡ್ ಇದ್ದರೂ ಕಂಬ ಶಾಕ್ ಹೊಡೆಯುವುದೇಕೆ?

ಅಪಾರ್ಟ್‌ಮೆಂಟ್, ಆಸ್ಪತ್ರೆ, ಕಲ್ಯಾಣ ಮಂಟಪಗಳ ಪಾರ್ಕಿಂಗ್ ಜಾಗಕ್ಕೆ ದೀಪದ ಕಂಬ ನೆಡುವಾಗ ಸಾಮಾನ್ಯವಾಗಿ ಕೇಳಿಬರುವ ಮಾತು: ‘ಕಂಬಕ್ಕೊಂದು ಅರ್ಥ್ ರಾಡ್ ಹೊಡೆದಿದ್ದೀವಿ ಸಾರ್, ಏನೂ ಭಯ ಇಲ್ಲ.’ ಲೆಕ್ಕ ಹಾಕಿದರೆ ಭಯ ಹುಟ್ಟುತ್ತದೆ.

ಫೇಸ್ ತಂತಿಯ ಹೊದಿಕೆ ಸವೆದು ಕಂಬಕ್ಕೆ ತಾಗಿತು ಎನ್ನಿ. ವೋಲ್ಟೇಜ್ 230. ರಾಡ್‌ನಿಂದ ಮಣ್ಣಿಗಿಳಿಯುವ ದಾರಿಯ ರೋಧ 10 ಓಮ್ ಎಂದುಕೊಳ್ಳೋಣ. ಒಣ ಗಟ್ಟಿ ನೆಲದಲ್ಲಿ ಇಷ್ಟು ಸಿಕ್ಕರೆ ಅದೃಷ್ಟ. ಹರಿಯುವುದು ಹೆಚ್ಚೆಂದರೆ 23 ಆಂಪಿಯರ್. 16 ಆಂಪಿಯರ್‌ನ ಎಂಸಿಬಿ ಅಷ್ಟಕ್ಕೆ ಬೀಳಲು ಒಂದು ಗಂಟೆಯೇ ಹಿಡಿಯಬಹುದು. ಸಿ ಮಾದರಿಯದು ಕ್ಷಣದಲ್ಲಿ ಬೀಳಬೇಕಾದರೆ ಕನಿಷ್ಠ 80 ಆಂಪಿಯರ್ ದಾಟಬೇಕು. ರೋಧ 25 ಓಮ್ ಇದ್ದರಂತೂ ಹರಿಯುವುದೇ ಸುಮಾರು 9 ಆಂಪಿಯರ್, ಎಂಸಿಬಿ ಅಲುಗುವುದಿಲ್ಲ. ದೀಪ ಚೆನ್ನಾಗಿಯೇ ಉರಿಯುತ್ತಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಮಳೆಯಲ್ಲಿ ನೆನೆದು ಬಂದವರು ಕಂಬಕ್ಕೆ ಕೈಯೂರಿದಾಗಲೇ ಗೊತ್ತಾಗುವುದು.

ಆದ್ದರಿಂದ ಪ್ಯಾನೆಲ್‌ನಿಂದ ಫೇಸ್, ನ್ಯೂಟ್ರಲ್ ಜೊತೆಗೇ ಹಸಿರು ಅರ್ಥ್ ತಂತಿಯೂ ಎಲ್ಲೂ ತುಂಡಾಗದೆ ಪ್ರತಿ ಕಂಬಕ್ಕೆ ಬರಬೇಕು. 100 ಮೀಟರ್ ದೂರಕ್ಕೆ 6 ಚದರ ಮಿಲಿಮೀಟರ್ ತಾಮ್ರವಾದರೆ ಹೋಗಿಬರುವ ದಾರಿಯ ರೋಧ ಸುಮಾರು 0.6 ಓಮ್, ನೂರಾರು ಆಂಪಿಯರ್ ನುಗ್ಗಿ ಎಂಸಿಬಿ ತಕ್ಷಣ ಬೀಳುತ್ತದೆ. ಇದು ನಡೆಯುವುದು ಪ್ಯಾನೆಲ್‌ನ ಅರ್ಥ್‌ಗೂ ಟ್ರಾನ್ಸ್‌ಫಾರ್ಮರ್‌ನ ನ್ಯೂಟ್ರಲ್‌ಗೂ ತಂತಿಯ ಸಂಪರ್ಕ ಇದ್ದಾಗ ಮಾತ್ರ. ಸರಬರಾಜಿನಲ್ಲಿ ಬರುವುದು ಫೇಸ್, ನ್ಯೂಟ್ರಲ್ ಎರಡೇ ಆಗಿದ್ದರೆ ಹಸಿರು ತಂತಿಯೂ ಕೊನೆಗೆ ಮಣ್ಣಿಗೇ ಸೇರುತ್ತದೆ. ಅಲ್ಲಿ ಕಾಯುವುದು ಆರ್‌ಸಿಸಿಬಿ. ಫೇಸ್‌ನಲ್ಲಿ ಹೋದಷ್ಟೇ ಕರೆಂಟ್ ನ್ಯೂಟ್ರಲ್‌ನಲ್ಲಿ ಮರಳಿತೇ ಎಂದು ಅದು ನೋಡುತ್ತದೆ. 30 ಮಿಲಿಆಂಪಿಯರ್ ಕಡಿಮೆಯಾದರೆ ಸಾಕು, ಕಡಿದುಹಾಕುತ್ತದೆ.

ಇಡೀ ಆವರಣಕ್ಕೆ ಒಂದೇ ಆರ್‌ಸಿಸಿಬಿ ಹಾಕುವ ಜಿಪುಣತನ ಬೇಡ. ಉದ್ದದ ಕೇಬಲ್, ಹತ್ತಾರು ಎಲ್‌ಇಡಿ ಡ್ರೈವರ್‌ಗಳು ತಲಾ ಒಂದಿಷ್ಟು ಸೋರಿ, ಮಳೆ ಬಂದಾಗಲೆಲ್ಲ ಅದು ಬೀಳುತ್ತದೆ. ಬೇಸತ್ತವರು ಯಾರೋ ಅದನ್ನು ಬೈಪಾಸ್ ಮಾಡುತ್ತಾರೆ. ನಾಲ್ಕೈದು ಕಂಬಕ್ಕೊಂದು ಸರ್ಕ್ಯೂಟ್ ಮಾಡಿ, ಪ್ರತಿಯೊಂದಕ್ಕೂ ಒಂದು ಆರ್‌ಸಿಸಿಬಿ ಹಾಕಿದರೆ ಈ ತಂಟೆಯಿಲ್ಲ.

ಬೈಪಾಸ್‌ಗಿಂತ ಕೆಟ್ಟ ಅಡ್ಡದಾರಿ, ಕಂಬದ ಬುಡದಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ಸೇರಿಸಿ ಕಟ್ಟುವುದು. ಹಿಂದೆಲ್ಲೋ ನ್ಯೂಟ್ರಲ್ ತುಂಡಾದರೆ ದೀಪದ ಮೂಲಕ ಬಂದ ಕರೆಂಟ್ ಕಂಬದ ಮೈಗೇ ಇಳಿಯುತ್ತದೆ.

ಉಳಿದದ್ದು ಕೈಕೆಲಸ. ಆರ್ಮರ್ಡ್ ಕೇಬಲ್ಲನ್ನು ಮುಕ್ಕಾಲು ಮೀಟರ್ ಆಳದಲ್ಲಿ, ಮರಳಿನ ಹಾಸಿನ ಮೇಲೆ ಹೂತು, ಮೇಲೆ ಎಚ್ಚರಿಕೆಯ ಪಟ್ಟಿ ಎಳೆಯಬೇಕು. ಜೋಡಣೆಗಳು ನೆಲದೊಳಗೆ ಬೇಡ. ನೀರು ನಿಲ್ಲುವ ಮಟ್ಟಕ್ಕಿಂತ ಮೇಲೆ, ಕಂಬದ ಪೆಟ್ಟಿಗೆಯಲ್ಲಿರಲಿ. ಅರ್ಥ್ ಬೋಲ್ಟ್ ಕೂರುವಲ್ಲಿ ಬಣ್ಣ ಕೆರೆದಿರಬೇಕು. ಪೆಟ್ಟಿಗೆಯ ಬಾಗಿಲಿಗೆ ಬೀಗ ಬೇಕು, ಮಕ್ಕಳ ಬೆರಳು ಅಲ್ಲಿಗೆ ಸುಲಭವಾಗಿ ಎಟಕುತ್ತದೆ.

ಪರೀಕ್ಷೆ ಹಗಲಲ್ಲಿ ಮಾಡಿದರೆ ಒಂದು ಎಚ್ಚರ: ಟೈಮರ್ ಅಥವಾ ಫೋಟೋಸೆಲ್ ದೀಪದ ಸರ್ಕ್ಯೂಟನ್ನು ಆರಿಸಿರುತ್ತದೆ, ಸೋರುವ ಕಂಬವೂ ಆಗ ಸಾಧುವಾಗಿ ನಿಂತಿರುತ್ತದೆ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದ ಅದನ್ನು ಆನ್ ಮಾಡಿಸಿಯೇ ಅಳೆಸಿ. ತಂತಿಯ ಹೊದಿಕೆಯನ್ನು ಪರೀಕ್ಷಿಸುವ ಮೆಗ್ಗರ್ ಹಚ್ಚುವಾಗ ಮಾತ್ರ ಸರಬರಾಜು ಪೂರ್ತಿ ಕಡಿದು, ಎಲ್‌ಇಡಿ ಡ್ರೈವರ್‌ಗಳನ್ನು ಬಿಚ್ಚಿಡಬೇಕು. ಮೆಗ್ಗರ್‌ನ 500 ವೋಲ್ಟ್‌ಗೆ ಅವು ಸುಟ್ಟುಹೋಗಬಹುದು.