ತುಂಡು ಉಲ್ಲನ್, ತುಂಬು ಕಸುಬು

ಕುಲಾವಿ, ಸ್ವೆಟರ್, ಶಾಲು, ಏನೇ ಹೆಣೆಯಿರಿ, ಕೊನೆಗೆ ಒಂದಿಷ್ಟು ಉಲ್ಲನ್ ಉಳಿದೇ ಉಳಿಯುತ್ತದೆ. ಸಾಲದೆ ಬಂದರೆ ಅದೇ ಬಣ್ಣ ಮತ್ತೆ ಸಿಗುವುದು ಕಷ್ಟ ಎಂದು ಹೆಣೆಯುವವರು ಒಂದು ಉಂಡೆ ಹೆಚ್ಚಾಗಿಯೇ ತಂದಿರುತ್ತಾರೆ. ಉಳಿದದ್ದು ಬೀರುವಿನ ಮೂಲೆಯ ಚೀಲ ಸೇರುತ್ತದೆ. ನಮ್ಮ ಎಷ್ಟೋ ಮನೆಗಳ ಬಾಗಿಲ ತೋರಣ, ದೇವರ ಪಟದ ಹಾರ, ಆರತಿ ತಟ್ಟೆಯ ಅಲಂಕಾರ, ಮಗುವಿನ ತೊಟ್ಟಿಲಿಗೆ ಕಟ್ಟಿದ ಗೊಂಡೆಗಳು ಹುಟ್ಟಿದ್ದು ಇಂಥ ಚೀಲಗಳಿಂದಲೇ. ಇದೊಂದು ಪೂರ್ಣ ಪ್ರಮಾಣದ ಕಸುಬು. ಇದಕ್ಕೆ ಇದರದೇ ಆದ ತಿಳಿವಳಿಕೆ ಬೇಕು, ಲೆಕ್ಕಾಚಾರವೂ ಬೇಕು.

ಮೊದಲ ತಿಳಿವಳಿಕೆ ದಾರದ್ದು. ಅಂಗಡಿಯಲ್ಲಿ ನಾವು ‘ಉಲ್ಲನ್’ ಎಂದು ಕೇಳಿ ತರುವುದರಲ್ಲಿ ಬಹುಪಾಲು ಕುರಿಯ ಉಣ್ಣೆಯಲ್ಲ, ಅಕ್ರಿಲಿಕ್. ಪೆಟ್ರೋಲಿಯಂ ಮೂಲದ ಈ ನೂಲನ್ನು ಅಮೆರಿಕದ ಡುಪಾಂಟ್ ಕಂಪನಿ 1950ರ ಸುಮಾರಿಗೆ ಆರ್ಲಾನ್ ಎಂಬ ಹೆಸರಿನಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. ಅಗ್ಗ, ಗಾಢ ಬಣ್ಣ, ತೊಳೆಯಲು ಸುಲಭ, ನುಸಿ ಹಿಡಿಯುವುದಿಲ್ಲ ಎಂಬ ಕಾರಣಕ್ಕೆ ಅದು ಮನೆಮನೆಗೂ ಬಂತು. ಚೀಟಿ ಹರಿದುಹೋದ ಉಂಡೆ ಯಾವುದರದ್ದೆಂದು ಗೊತ್ತಾಗದಿದ್ದರೆ ಹಳೆಯ ಪರೀಕ್ಷೆಯೊಂದಿದೆ. ಬೆರಳುದ್ದದ ಎಳೆಯನ್ನು ಚಿಮುಟದಲ್ಲಿ ಹಿಡಿದು, ಕೆಳಗೆ ಸ್ಟೀಲ್ ತಟ್ಟೆ ಇಟ್ಟು, ತುದಿಗೆ ಬೆಂಕಿ ತಾಗಿಸಬೇಕು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಉಳಿದ ಕರಿ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಹತ್ತಿಯಾದರೆ ಕಾಗದದಂತೆ ಉರಿದು ಬೂದಿಯಾಗುತ್ತದೆ. ಅಕ್ರಿಲಿಕ್ ಕರಗಿ, ಆರಿದ ಮೇಲೆ ಕಪ್ಪು ಗಟ್ಟಿ ಮಣಿಯಾಗಿ ಕೂರುತ್ತದೆ.

ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು ಈ ಮಣಿಯೇ ತೀರ್ಮಾನಿಸುತ್ತದೆ. ಬಿಸಿ ಪಾತ್ರೆ ಹಿಡಿಯುವ ಬಟ್ಟೆಯನ್ನು, ಒಲೆಯಿಂದ ಇಳಿಸಿದ ಪಾತ್ರೆ ಇಡುವ ಸಿಂಬೆಯನ್ನು ಅಕ್ರಿಲಿಕ್‌ನಲ್ಲಿ ಮಾಡಲೇಬಾರದು. ಅದು ಕರಗಿ ಪಾತ್ರೆಗೂ ಕೈಗೂ ಅಂಟುತ್ತದೆ. ಅಡುಗೆಮನೆಗೆ ಹತ್ತಿ ದಾರವೇ ಸರಿ. ದೀಪ ಹಚ್ಚುವ ಜಾಗದಿಂದ ಉಲ್ಲನ್ ಹಾರ, ತೋರಣಗಳನ್ನು ದೂರ ಕಟ್ಟಬೇಕೆನ್ನುವುದೂ ಇದಕ್ಕೇ. ಬಾಗಿಲು, ಗೋಡೆ, ದಿಂಬು, ಚೀಲ, ಕಿಟಕಿಯ ಅಲಂಕಾರಕ್ಕೆ ಅಕ್ರಿಲಿಕ್ ಚೆನ್ನಾಗಿ ಬಾಳುತ್ತದೆ. ಅದು ಮಣ್ಣಲ್ಲಿ ಸುಲಭಕ್ಕೆ ಕೊಳೆಯುವ ವಸ್ತುವೂ ಅಲ್ಲ. ಕಸಕ್ಕೆ ಎಸೆದ ತುಂಡು ಬಹುಕಾಲ ಕಸವಾಗಿಯೇ ಇರುತ್ತದೆ. ಅದನ್ನು ಕೆಲಸಕ್ಕೆ ಹಚ್ಚಲು ಇದಕ್ಕಿಂತ ದೊಡ್ಡ ಕಾರಣ ಬೇಡ.

ಎರಡನೆಯ ಲೆಕ್ಕ ಉದ್ದದ್ದು. ಗೇಣಿಗಿಂತ ಚಿಕ್ಕ ಚೂರುಗಳು ಗೊಂಬೆಯ, ಸೂಜಿದಿಂಬಿನ ಹೊಟ್ಟೆಗೆ ಹೋಗುತ್ತವೆ. ಮೊಳ ಎರಡು ಮೊಳದ ತುಂಡುಗಳು ಕುಚ್ಚಿಗೆ, ಪ್ಲಾಸ್ಟಿಕ್ ಜಾಲರಿಯ ಮೇಲೆ ಮಾವಿನೆಲೆಯ ಆಕಾರ ತುಂಬುವುದಕ್ಕೆ ಒದಗುತ್ತವೆ. ಅದಕ್ಕೂ ಉದ್ದವಿದ್ದರೆ ಗೊಂಡೆ. ರಟ್ಟಿನ ತುಂಡಿಗೆ ನೂರರಷ್ಟು ಸುತ್ತು ಹಾಕಿ, ಮೆಲ್ಲಗೆ ಜಾರಿಸಿ ತೆಗೆದು, ನಡುವನ್ನು ಗಟ್ಟಿ ಹತ್ತಿ ದಾರದಿಂದ ಬಿಗಿಯಾಗಿ ಕಟ್ಟಿ, ಎರಡೂ ಬದಿಯ ಮಡಿಕೆಗಳನ್ನು ಕತ್ತರಿಸಬೇಕು. ಸುತ್ತು ಕಡಿಮೆಯಾದರೆ ಗೊಂಡೆ ಬಡಕಲಾಗುತ್ತದೆ. ಕಟ್ಟು ಸಡಿಲವಾದರೆ ಎಳೆಗಳು ಒಂದೊಂದಾಗಿ ಉದುರುತ್ತವೆ. ಗುಂಡಾಗಿ ಕತ್ತರಿಸಿ ಸರಿಮಾಡುವುದಕ್ಕೇ ತಾಳ್ಮೆ ಹೆಚ್ಚು ಬೇಕು. ದಪ್ಪ ದಾರ ಧಾರಾಳವಾಗಿದ್ದರೆ ಮೂರೆಳೆಯ ಜಡೆ ಹೆಣೆದು, ಸುರುಳಿ ಸುತ್ತುತ್ತ ಹೊಲಿದರೆ ಕಾಲೊರಸು ಸಿದ್ಧ.

ಉಳಿಕೆ ದಾರಕ್ಕೆಂದೇ ಹುಟ್ಟಿದಂತಿರುವುದು ಕ್ರೋಶಾದ ‘ಗ್ರಾನಿ ಸ್ಕ್ವೇರ್’ ಎಂಬ ಚೌಕ. ಅಮೆರಿಕದ ‘ಪ್ರೇರಿ ಫಾರ್ಮರ್’ ಪತ್ರಿಕೆಯಲ್ಲಿ 1885ರಲ್ಲಿ ಅಚ್ಚಾದ ಮಾದರಿ ಇದರ ತೀರಾ ಹಳೆಯ ಮುದ್ರಿತ ರೂಪಗಳಲ್ಲೊಂದು. ನಾಲ್ಕು ಸರಪಳಿ ಹಾಕಿ ಉಂಗುರ ಮಾಡಿ, ಅದರೊಳಗೆ ಮೂರು ಮೂರು ಉದ್ದ ಕಂಬಗಳ ನಾಲ್ಕು ಗುಂಪು ಹೆಣೆದು, ಪ್ರತಿ ಗುಂಪಿನ ನಡುವೆ ಎರಡು ಸರಪಳಿ ಬಿಟ್ಟರೆ ನಾಲ್ಕು ಮೂಲೆ ಮೂಡುತ್ತವೆ. ಮುಂದಿನ ಸುತ್ತಿನ ಗುಂಪುಗಳು ಹಿಂದಿನ ಸುತ್ತಿನ ಕಿಂಡಿಗಳಲ್ಲೇ ಕೂರುತ್ತವೆ. ಮೂಲೆಯಲ್ಲಿ ಮಾತ್ರ ಎರಡು ಗುಂಪು. ಪ್ರತಿ ಸುತ್ತಿಗೂ ಬಣ್ಣ ಬದಲಿಸಬಹುದಾದ್ದರಿಂದ ಯಾವ ಬಣ್ಣ ಎಷ್ಟು ಸಣ್ಣ ಉಂಡೆಯಾಗಿದ್ದರೂ ಅದಕ್ಕೊಂದು ಜಾಗ ಸಿಗುತ್ತದೆ. ಕೊನೆಯ ಸುತ್ತನ್ನು ಎಲ್ಲ ಚೌಕಗಳಿಗೂ ಒಂದೇ ಬಣ್ಣದಲ್ಲಿ ಹೆಣೆದರೆ ಚೆಲ್ಲಾಪಿಲ್ಲಿ ಬಣ್ಣಗಳೆಲ್ಲ ಒಂದೇ ಕುಟುಂಬದವರಾಗುತ್ತವೆ. ಒಂದು ಚೌಕ ಲೋಟದ ಕೆಳಗಿಡಲು ಸಾಕು. ಕೆಲವು ಕೂಡಿಸಿದರೆ ದಿಂಬಿನ ಹೊದಿಕೆ. ರಾಶಿ ಕೂಡಿಸಿದರೆ ಹಾಸಿಗೆಯ ಹೊದಿಕೆ. ಹಳೆಯ ಸೀರೆ, ಧೋತರದ ತುಂಡುಗಳನ್ನು ಕೂಡಿಸಿ ಕೌದಿ ಹೊಲಿಯುವ ಉತ್ತರ ಕರ್ನಾಟಕದ ಹೆಂಗಸರಿಗೆ ಈ ವಿದ್ಯೆಯ ತರ್ಕ ಹೊಸದೇನಲ್ಲ.

ಬಣ್ಣದ ಉಂಡೆ ಇನ್ನೊಂದು ಚೌಕಕ್ಕೆ ಸಾಲುತ್ತದೋ ಇಲ್ಲವೋ ಎಂದು ಊಹಿಸುತ್ತ ಕೂರಬೇಕಿಲ್ಲ. ಅಡುಗೆಮನೆಯ ಪುಟ್ಟ ತಕ್ಕಡಿಯಲ್ಲಿ ಮುಗಿದ ಚೌಕವೊಂದನ್ನು ತೂಗಿ, ಉಂಡೆಯನ್ನೂ ತೂಗಿದರೆ ಉತ್ತರ ಸಿಗುತ್ತದೆ.

ಹಳೆಯ ಸ್ವೆಟರನ್ನೇ ಬಿಚ್ಚಿ ದಾರ ಮಾಡಿಕೊಳ್ಳುವವರೂ ಇದ್ದಾರೆ. ಎರಡನೇ ಮಹಾಯುದ್ಧದಲ್ಲಿ ಬಟ್ಟೆಗೆ ಪಡಿತರ ಬಂದಾಗ ಬ್ರಿಟನ್ ಸರ್ಕಾರವೇ ಇದ್ದ ಬಟ್ಟೆಯನ್ನು ರಿಪೇರಿ ಮಾಡಿ ಬಳಸುವ ಪ್ರಚಾರ ನಡೆಸಿತ್ತು. ಉಣ್ಣೆ ಬಿಚ್ಚಿ ಮರಳಿ ಹೆಣೆಯುವುದು ಅಲ್ಲಿನ ಮನೆಗಳ ದಿನನಿತ್ಯದ ಕೆಲಸವಾಗಿತ್ತು. ಬಿಚ್ಚಿದ ದಾರ ಗುಂಗುರಾಗಿರುತ್ತದೆ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ಅಲ್ಲಲ್ಲಿ ಸಡಿಲವಾಗಿ ಕಟ್ಟಿ, ಉಗುರುಬೆಚ್ಚನೆಯ ನೀರಲ್ಲಿ ನೆನೆಸಿ, ಕೆಳತುದಿಗೆ ಸ್ವಲ್ಪ ಭಾರ ತೂಗಿಬಿಟ್ಟು ನೆರಳಲ್ಲಿ ಒಣಗಿಸಿದರೆ ಗುಂಗುರು ಬಹುಮಟ್ಟಿಗೆ ಬಿಡುತ್ತದೆ.

ತುಂಡುಗಳು ಕೂಡಿದರೆ ಎಷ್ಟು ದೊಡ್ಡದಾಗಬಹುದು? ‘ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್’ ಎಂಬ ಹವ್ಯಾಸಿಗಳ ಬಳಗ 2016ರ ಜನವರಿ 31ರಂದು ಚೆನ್ನೈನಲ್ಲಿ 11,148.5 ಚದರ ಮೀಟರ್ ವಿಸ್ತಾರದ ಕ್ರೋಶಾ ಹೊದಿಕೆ ಹಾಸಿ ಗಿನ್ನೆಸ್ ದಾಖಲೆ ಮಾಡಿತು. ಹಲವು ಊರುಗಳ ಹೆಂಗಸರು ತಂತಮ್ಮ ಮನೆಗಳಲ್ಲಿ ಹೆಣೆದ ಚೌಕಗಳು ಅಲ್ಲಿ ಒಂದಾದವು.

ಆದರೆ ಮನೆಯಲ್ಲಿ ಕೂತು ಮಾಡುವ ಕೆಲಸ ಎಂಬ ಮಾತಿನಲ್ಲೇ ಒಂದು ಅನ್ಯಾಯವೂ ಅಡಗಿದೆ. ಆಂಧ್ರದ ನರಸಾಪುರದ ಹೆಂಗಸರು 19ನೇ ಶತಮಾನದಲ್ಲಿ ಮಿಷನರಿಗಳಿಂದ ಕ್ರೋಶಾ ಲೇಸ್ ಕಲಿತರು. ಆ ಲೇಸ್ ವಿದೇಶಗಳಿಗೆ ರಫ್ತಾಗುತ್ತದೆ. 2024ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಅದನ್ನು ಹೆಣೆದವರ ಸ್ಥಿತಿಯನ್ನು ಜರ್ಮನಿಯ ಸಮಾಜವಿಜ್ಞಾನಿ ಮರಿಯಾ ಮೀಸ್ 1982ರ ತಮ್ಮ ಪುಸ್ತಕದಲ್ಲಿ ತೋರಿಸಿದರು: ಅವರನ್ನು ಕೆಲಸಗಾರರೆಂದು ಎಣಿಸದೆ ಬಿಡುವಿನಲ್ಲಿ ಹೆಣೆಯುವ ಗೃಹಿಣಿಯರೆಂದು ಕರೆದದ್ದೇ ಕೂಲಿ ಕನಿಷ್ಠವಾಗಿ ಉಳಿಯಲು ಕಾರಣವಾಗಿತ್ತು.

ನಮ್ಮ ಮೇಳಗಳಲ್ಲಿ, ಸ್ತ್ರೀಶಕ್ತಿ ಸಂಘಗಳ ಮಳಿಗೆಗಳಲ್ಲಿ ಉಲ್ಲನ್ ತೋರಣ ಕೊಳ್ಳುವಾಗ ಇದು ನೆನಪಿರಬೇಕು. ಸ್ವೆಟರನ್ನು ಯಂತ್ರ ಹೆಣೆಯುತ್ತದೆ. ಕ್ರೋಶಾ ಚೌಕವನ್ನು ಇಂದಿಗೂ ಕೈಯೇ ಹೆಣೆಯಬೇಕು. ಮಾರಲು ಹೊರಟವರು ದಾರದ ಬೆಲೆಯ ಜೊತೆಗೆ ಕೂತ ಗಂಟೆಗಳನ್ನೂ ಬರೆದಿಟ್ಟುಕೊಂಡು ಬೆಲೆ ಕಟ್ಟಲಿ. ಕೊಳ್ಳುವವರು ‘ಉಳಿದ ಉಲ್ಲನ್ನಿನದ್ದು ತಾನೇ’ ಎಂದು ಚೌಕಾಸಿಗೆ ಇಳಿಯದಿರಲಿ. ಉಳಿಕೆಯಾಗಿದ್ದದ್ದು ದಾರ ಮಾತ್ರ. ಅದಕ್ಕೆ ಸುರಿದ ಹೊತ್ತು, ಕಲಿತ ವಿದ್ಯೆ ಯಾರಲ್ಲೂ ಉಳಿಕೆಯಾಗಿ ಬಿದ್ದಿರುವುದಿಲ್ಲ.